ದಾಳದಲ್ಲಿ ಬಿದ್ದದ್ದು ಹದಿನೇಳು

ಇಂಚರಾ, ನಿನ್ನ ಅಪ್ಪ ಆಟ ಬಿಟ್ಟು ಹೋಗಲಿಲ್ಲ. ಅವರಿಗೆ ಸಾಕಾಗಿದೆಯಂತೆ ಎಂದು ನಿನಗೆ ಹೇಳಿದವನು ನಾನು. ನಿನಗೆ ಅವರು ಬರುವುದು ಬೇಡವಂತೆ ಎಂದು ಅವರಿಗೆ ಹೇಳಿದವನೂ ನಾನೇ. ಎರಡೂ ಸುಳ್ಳು. ಒಂದು ದಿನದ ಅಂತರದಲ್ಲಿ, ನಾಲಿಗೆ ತಡವರಿಸದೆ ಹೇಳಿದೆ.

ನಾಲ್ಕು ವರ್ಷವಾಯಿತು. ಇಷ್ಟು ದಿನವೂ ಅದು ಬರೀ ಒಂದು ಆಟ ಎಂದು ನನಗೆ ನಾನೇ ಹೇಳಿಕೊಂಡು ಬಂದೆ — ಕೆಲವು ಹಾಳೆ, ಪೆನ್ಸಿಲ್, ಇಪ್ಪತ್ತು ಮುಖದ ಒಂದು ದಾಳ, ಇಲ್ಲದ ಊರು, ಇಲ್ಲದ ಜನ. ಇಲ್ಲದ ಊರಿನಲ್ಲಿ ಯಾರೋ ಸತ್ತರೆ ಯಾರಿಗೇನು ನಷ್ಟ ಎಂದು. ಆದರೆ ನಷ್ಟವಾದದ್ದು ಇರುವ ಊರಿನಲ್ಲಿ, ಐರ್ಲೆಂಡಿನ ಈ ಡನ್‌ಡಾಕ್‌ನಲ್ಲಿ, ನಿಮ್ಮ ಮನೆಯಲ್ಲಿ. ಅದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೋಗಿ ಈಗ ತಾನೇ ಹೊಡೆದುಹಾಕಿದೆ. ಗೊತ್ತಿತ್ತು.

ನಿನಗೆ ತಿಳಿದಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಕ್ರಮವಾಗಿ ಹೇಳದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಶನಿವಾರ ಮಧ್ಯಾಹ್ನ ಎರಡಕ್ಕೆ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾಲ್ಕು ಜನ. ಕಥೆ ನಡೆಸುವವನು ನಾನು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಿನ್ನ ಅಪ್ಪ, ಡಾಕ್ಟರ್ ಸೋಮಶೇಖರ್. ಆಗ ಹದಿನಾರು ವರ್ಷದ ನೀನು. ಮತ್ತೆ ನಮ್ಮ ಪಕ್ಕದ ಮನೆಯ ಮುದುಕ ಡೆಕ್ಲನ್ — ಉತ್ತರ ಐರ್ಲೆಂಡಿನ ಗಡಿಯಲ್ಲಿ ಸುಂಕದ ಚೌಕಿ ಇದ್ದ ಕಾಲದಲ್ಲಿ ಅಲ್ಲಿ ಕಾರುಗಳ ಡಿಕ್ಕಿ ತೆಗೆಸಿ ನೋಡುವ ಕೆಲಸದಲ್ಲಿದ್ದವನು. ನಾನು ಕಥೆ ಹೇಳುತ್ತಾ ಹೋಗುವುದು, ನೀವು ಮೂವರು ನಿಮ್ಮ ನಿಮ್ಮ ಪಾತ್ರವಾಗಿ ಮಾತಾಡುವುದು, ಗೆಲುವು ಸೋಲಿನ ಪ್ರಶ್ನೆ ಬಂದಾಗ ದಾಳ ಹಾಕುವುದು. ಕೆಲವು ದಾಳಗಳನ್ನು ನಾನೊಬ್ಬನೇ, ನನ್ನ ಮುಂದೆ ನಿಲ್ಲಿಸಿದ್ದ ರಟ್ಟಿನ ಮರೆಯಲ್ಲಿ ಹಾಕುತ್ತಿದ್ದೆ. ಅಲ್ಲಿ ಬಿದ್ದದ್ದನ್ನು ನೀವು ನಂಬಬೇಕು. ಆಟದ ಆಧಾರವೇ ಆ ನಂಬಿಕೆ.

ನಾನು ಕಟ್ಟಿದ್ದು ಬೇರೆಯೇ ಒಂದು ಅಮೆರಿಕ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್ ಪಡೆಯವರು ಹಡಗು ಹತ್ತಿ ಅಲ್ಲಿಗೆ ಹೋಗಿದ್ದಾರೆ. ಅವರ ಮೊಮ್ಮಕ್ಕಳು, ಬರಗಾಲಕ್ಕೆ ಊರು ಬಿಟ್ಟ ಐರಿಷ್ ಜನರ ಜೊತೆ ಸೇರಿ ಪಶ್ಚಿಮದ ಬಂಜರಿನಲ್ಲಿ ಹೊಸಪಟ್ಟಣ ಎಂಬ ಊರು ಕಟ್ಟಿದ್ದಾರೆ. ಕುದುರೆ, ಪಿಸ್ತೂಲು, ಧೂಳು, ಒಂದು ಬೆಳ್ಳಿ ಗಣಿ. ಗಣಿಯೊಳಗೆ ಕೂಗುಮಾರಿ — ನನ್ನ ಅಜ್ಜಿ ನನ್ನನ್ನು ಹೆದರಿಸುತ್ತಿದ್ದ ಅದೇ ಕೂಗುಮಾರಿ, ನಾನು ಅದನ್ನು ಸಮುದ್ರ ದಾಟಿಸಿದ್ದೆ. ಅದು ನಮಗೆ ಬೇಕಾದವರ ದನಿಯಲ್ಲಿ ಕರೆಯುತ್ತದೆ. "ಬಂದೆ" ಎಂದು ಓಗೊಟ್ಟರೂ ಮುಗಿಯಿತು, "ಬರ್ತೀನಿ" ಎಂದರೂ ಮುಗಿಯಿತು. ಮಾತು ಕೊಟ್ಟವನು ಅದರ ಪಾಲು. ಈ ನಿಯಮ ಮಾಡಿದವನು ನಾನು.

ಊರಿನ ಮೇಯರ್ ಕ್ರೇನ್. ಅವನ ಮಾತೆಲ್ಲ ನಾನೇ ಆಡುತ್ತಿದ್ದೆ, ಮತ್ತು ಅವನೆಂದರೆ ನನಗೆ ಹೆಮ್ಮೆ. ಮೈಸೂರಿನವರ ಬೀದಿಗೆ ಹೋಗಿ, ಐರಿಷರು ನಿಮ್ಮ ಹೆಸರುಗಳನ್ನು ಸೈನ್ಯಕ್ಕೆ ಬರೆದುಕೊಟ್ಟಿದ್ದಾರೆ ಅನ್ನುತ್ತಿದ್ದ. ಐರಿಷರ ಬೀದಿಗೆ ಹೋಗಿ, ಮೈಸೂರಿನವರು ಗಣಿಯನ್ನು ಹೊರಗಿನವರ ಕೈಗೆ ಕೊಡುತ್ತಿದ್ದಾರೆ ಅನ್ನುತ್ತಿದ್ದ. ಇಬ್ಬರೂ ಬಾಗಿಲು ಹಾಕಿಕೊಂಡು ಕೂತರೆ ಗಣಿಯಲ್ಲಿ ಕಾಣೆಯಾಗುತ್ತಿರುವವರ ಬಗ್ಗೆ ಕೇಳುವವರು ಇರುವುದಿಲ್ಲ. ಈ ಪಿತೂರಿಯನ್ನು ಎಂಟು ತಿಂಗಳು ಹೆಣೆದಿದ್ದೆ. ಆಫೀಸಿನಲ್ಲಿ ನಾನು ಬರೆದ ಕೋಡನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಶನಿವಾರ ಮಾತ್ರ ಮೂರು ಜನ ನನ್ನ ಬಾಯಿ ನೋಡುತ್ತಾ ಕೂರುತ್ತಿದ್ದರು.

ಆದರೆ ಆ ಮೇಜಿನಲ್ಲಿ ನನ್ನ ಕಥೆಗಿಂತ ದೊಡ್ಡದೊಂದು ನಡೆಯುತ್ತಿತ್ತು. ನಿನ್ನ ಅಮ್ಮ ಮೈಸೂರಿಗೆ ವಾಪಸಾಗಿ, ನೀನು ಅಪ್ಪನ ಜೊತೆ ಇಲ್ಲೇ ಉಳಿದ ಮೇಲೆ ನಿಮ್ಮ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಡಾಕ್ಟರೇ ಒಮ್ಮೆ ನನ್ನ ಹತ್ತಿರ ಹೇಳಿದ್ದರು — "ನಾನು ಕನ್ನಡದಲ್ಲಿ ಕೇಳ್ತೀನಿ, ಅವಳು ಇಲ್ಲಿಯವರ ಹಾಗೆ 'ಐಯಾಮ್ ಗ್ರ್ಯಾಂಡ್, ಡ್ಯಾಡ್' ಅಂತಾಳೆ, ಚೆನ್ನಾಗಿದ್ದೀನಿ ಅಂತ. ಅಲ್ಲಿಗೆ ಮುಗೀತಪ್ಪ. ಅದರ ಮುಂದಕ್ಕೆ ಏನು ಕೇಳ್ಬೇಕೋ ನಂಗೆ ಗೊತ್ತಾಗಲ್ಲ." ವಾರಕ್ಕೆ ಮೂರು ಗಂಟೆ ನಿನ್ನ ಜೊತೆ ಒಂದೇ ಕಡೆ ಕೂರಬಹುದಲ್ಲ ಎಂದೇ ಅವರು ಆಟಕ್ಕೆ ಬಂದದ್ದು. ಅವರ ಪಾತ್ರ ಸುಬೇದಾರ್ ಭರಮಣ್ಣ. ನೀನು ಅವನ ಮಗಳು, ರಾಕೆಟ್ ಕಟ್ಟುವ ಚೆನ್ನಿ. ಡೆಕ್ಲನ್ ಊರಿನ ಪೊಲೀಸು, ಷೆರಿಫ್; ಅವನು ಮೇಯರ್ ಕಡೆಯವನೇ ಇರಬೇಕೆಂದು ನಿಮಗೆ ಅನುಮಾನ.

ಅವನ ಎದುರಿಗೇ ಗುಟ್ಟು ಮಾತಾಡಬೇಕಲ್ಲ — ಮೂರನೇ ಶನಿವಾರ ನೀನು ಇದ್ದಕ್ಕಿದ್ದಂತೆ ಅಪ್ಪನ ಕಡೆ ಬಾಗಿ ಅಂದೆ: "ಅಪ್ಪಾ, ಈ ಷೆರಿಫ್‌ನ ನಂಬಬೇಡ. ಅವನ ಬೂಟಲ್ಲಿ ಗಣಿ ಮಣ್ಣು ಐತೆ."

ಡನ್‌ಡಾಕ್‌ನ ರಾಗದ ಕನ್ನಡ. ಒಂದೊಂದು ಪದವನ್ನೂ ಮುಟ್ಟಿ ನೋಡಿ ಇಡುತ್ತಿರುವ ಹಾಗಿತ್ತು. ನಿನ್ನ ಅಪ್ಪ ಏನೂ ಆಗದವರಂತೆ, "ಹೌದಾ ಮಗಳೇ, ನಾನು ನೋಡ್ಲೇ ಇಲ್ವಲ್ಲ" ಅಂದರು. ಪೆನ್ಸಿಲ್ ಹಿಡಿದ ಕೈ ಮಾತ್ರ ಬರೆಯುವುದನ್ನು ನಿಲ್ಲಿಸಿತ್ತು. ಏನಂದಳು, ಏನಂದಳು ಎಂದು ಡೆಕ್ಲನ್ ಮೂರು ಸಲ ಕೇಳಿದ. ನೀವಿಬ್ಬರೂ ಬಾಯಿ ಬಿಡಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಮೇಜಿನಲ್ಲಿ ಆಡಿದ ಕನ್ನಡ ಕಾರಿಗೆ ಬಂತು, ಕಾರಿನಿಂದ ಮನೆಗೆ ಹೋಯಿತು. ಒಂದು ಶನಿವಾರ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೂ ಇಪ್ಪತ್ತು ನಿಮಿಷ ಒಳಗೇ ಕೂತು ಇಬ್ಬರೂ ಮಾತಾಡುತ್ತಿದ್ದಿರಿ. ನೀನು ಕೈ ಆಡಿಸುತ್ತಾ ಏನೋ ಹೇಳುತ್ತಿದ್ದೆ, ಅವರು ನಗುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಮಾಡಿಟ್ಟ ಟೀ ಆರುತ್ತಿದೆ ಎಂದು ಸಿಟ್ಟು ಬಂತು. ಟೀಗೆ ಬಂದ ಸಿಟ್ಟಲ್ಲ ಅದು — ಅಷ್ಟು ಮಾತ್ರ ಆಗಲೂ ನನಗೆ ತಿಳಿದಿತ್ತು.

ಎಂಟನೇ ತಿಂಗಳಲ್ಲಿ ನಿನ್ನ ಅಪ್ಪ ನನ್ನ ಪಿತೂರಿಯನ್ನು ಒಂದೇ ಮಧ್ಯಾಹ್ನದಲ್ಲಿ ಬಿಚ್ಚಿಹಾಕಿದರು. ಪಿಸ್ತೂಲು ತೆಗೆಯಲಿಲ್ಲ, ದಾಳ ಮುಟ್ಟಲಿಲ್ಲ. ಭರಮಣ್ಣ ನೇರವಾಗಿ ಐರಿಷರ ಬೀದಿಗೆ ನಡೆದು, ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು, "ಮೇಯರ್ ನಮ್ಮ ಬಗ್ಗೆ ನಿಮಗೆ ಏನು ಹೇಳಿದ್ದಾನೆ ಹೇಳಿ. ನಿಮ್ಮ ಬಗ್ಗೆ ನಮಗೆ ಏನು ಹೇಳಿದ್ದಾನೆ ಅಂತ ನಾನು ಹೇಳ್ತೀನಿ" ಅಂದ. ಅಷ್ಟೇ. ಡೆಕ್ಲನ್ ಮೇಜು ಕುಟ್ಟಿ ನಕ್ಕ. ನೀನು ಅಪ್ಪನ ತೋಳು ಹಿಡಿದುಕೊಂಡೆ. ಡಾಕ್ಟರು ನನ್ನ ಮುಖ ನೋಡಿ ಮೆತ್ತಗೆ, "ಬೇಜಾರಾಯ್ತೇನೋ ಪ್ರಸನ್ನ? ಆಸ್ಪತ್ರೇಲಿ ದಿನಾ ಇದೇ ಕೆಲಸ ಕಣಪ್ಪ. ಮನೆಯವರು ಒಬ್ಬೊಬ್ರೂ ಒಂದೊಂದು ಹೇಳ್ತಿರ್ತಾರೆ" ಅಂದರು. ನಾನೂ ನಕ್ಕೆ. ರಟ್ಟಿನ ಮರೆಯಲ್ಲಿ ಎಂಟು ತಿಂಗಳ ಹಾಳೆಗಳನ್ನು ಮಡಿಸಿಟ್ಟೆ. ಮುಂದಿನ ಶನಿವಾರ ಹೊಸಪಟ್ಟಣದಲ್ಲಿ ಚುನಾವಣೆ, ಭರಮಣ್ಣನೇ ಮೇಯರ್ ಆಗುವುದು ಖಚಿತ. ನನ್ನ ಕ್ರೇನ್‌ಗೆ ಉಳಿದದ್ದು ಗಣಿಯೊಂದೇ.

ಆ ಶನಿವಾರ ಡಾಕ್ಟರು ಆನ್‌ಕಾಲ್ ಇದ್ದರು. ಫೋನನ್ನು ಮೇಜಿನ ಮೇಲೇ ಇಟ್ಟುಕೊಂಡು, ಕರೆ ಬಂದರೆ ಎದ್ದು ಹೋಗಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು. ನಾನು ನಿಮ್ಮನ್ನೆಲ್ಲ, ಕಾಣೆಯಾದವರನ್ನು ಹುಡುಕುವ ನೆಪದಲ್ಲಿ ಗಣಿಯ ಬಾಯಿಗೆ ತಂದು ನಿಲ್ಲಿಸಿದೆ. ಲಾಟೀನು ಆರಿತು ಅಂದೆ. ಚೆನ್ನಿ ಭರಮಣ್ಣನ ಪಕ್ಕದಲ್ಲೇ ನಿಂತಿದ್ದಾಳೆ, ಆದರೆ ಒಳಗಿನ ಕತ್ತಲಿನಿಂದ ಅವಳದೇ ದನಿ ಕೇಳುತ್ತಿದೆ ಅಂದೆ. ಆಮೇಲೆ "ಅಪ್ಪಾ" ಎಂದು ಕರೆದೆ — ನಿನ್ನ ದನಿಯಲ್ಲಿ, ನಿನ್ನ ರಾಗದಲ್ಲಿ. ವಾರವಿಡೀ ಅದನ್ನು ಅಭ್ಯಾಸ ಮಾಡಿಕೊಂಡಿದ್ದೆ. ನೀನು ತುಟಿಯ ಮೇಲೆ ಬೆರಳಿಟ್ಟು ಅಪ್ಪನಿಗೆ ಸನ್ನೆ ಮಾಡಿದೆ. ಅವರು ತಲೆಯಾಡಿಸಿದರು.

ಆಗ ಫೋನ್ ಬಡಿದುಕೊಂಡಿತು. ಆಸ್ಪತ್ರೆ. ಅವರ ಮುಖವೇ ಬೇರೆಯಾಯಿತು. ಆಟ, ಗಣಿ, ನಾವು ಯಾರೂ ಆ ಮುಖದಲ್ಲಿ ಇರಲಿಲ್ಲ. ಎರಡು ಮಾತು ಕೇಳಿಸಿಕೊಂಡು ಎದ್ದರು, ಕೋಟಿನ ಒಂದು ತೋಳಿಗೆ ಕೈ ತೂರಿಸಿದರು, ಇನ್ನೊಂದು ಕೈಯನ್ನು ನಿನ್ನ ತಲೆಯ ಮೇಲಿಟ್ಟು, ಕನ್ನಡದವರು ಯಾವ ಮನೆಯಿಂದ ಹೊರಡುವಾಗಲೂ ಆಡುವ ಮಾತನ್ನು ಆಡಿದರು.

"ಬರ್ತೀನಿ."

ಹೋಗ್ತೀನಿ ಅನ್ನಬಾರದು ಎಂದು ಎಳೆತನದಿಂದ ಕಲಿತ ಬಾಯಿ. ಡೆಕ್ಲನ್ ಆಗಿದ್ದರೆ "ಸೀ ಯೂ" ಅಂದು ಬದುಕಿಕೊಳ್ಳುತ್ತಿದ್ದ. ನಾನು ಆ ನಿಯಮ ಮಾಡುವಾಗ ಇದನ್ನು ಯೋಚಿಸಿದ್ದೆನೇ? ಇಲ್ಲ ಎಂದು ಆಣೆ ಮಾಡಬಲ್ಲೆ. ಆದರೆ ಅವರ ಬಾಯಿಂದ ಆ ಪದ ಬಿದ್ದ ಕ್ಷಣ ನನ್ನ ಎದೆ ಹಾರಿದ್ದು — ಅದು ಸಂತೋಷಕ್ಕೆ.

ಬಾಗಿಲು ಮುಚ್ಚಿತು. "ಓ ಗಾಡ್, ಹಿ ಸೆಡ್ ಇಟ್" ಎಂದು ನೀನು ಅರ್ಧ ನಕ್ಕೆ. ನನ್ನ ಮುಖ ನೋಡಿ ನಗು ನಿಲ್ಲಿಸಿದೆ.

"ಅದು ಲೆಕ್ಕಕ್ಕಿಲ್ಲ ಅಲ್ವಾ ಅಂಕಲ್? ಅಪ್ಪ ಹೊರಟಿದ್ದು, ಅಷ್ಟೆ."

ಕನ್ನಡದಲ್ಲಿ ಕೇಳಿದೆ. ಡೆಕ್ಲನ್‌ಗೆ ತಿಳಿಯಬಾರದು ಎಂದೇನಲ್ಲ. ಅಪ್ಪನ ವಿಷಯ ಬಂದರೆ ಅಷ್ಟು ಹೊತ್ತಿಗೆ ನಿನಗೆ ಕನ್ನಡವೇ ಬಾಯಿಗೆ ಬರುತ್ತಿತ್ತು. ನಾನು ನಕ್ಕು, ಇಲ್ಲಮ್ಮ, ಇದಕ್ಕೆಲ್ಲ ಲೆಕ್ಕವಿಲ್ಲ ಅನ್ನಬೇಕಿತ್ತು. ಅಷ್ಟೇ ಸಾಕಿತ್ತು. "ದಾಳ ಏನನ್ನುತ್ತೋ ನೋಡೋಣ" ಅಂದೆ. ಹನ್ನೆರಡು ಅಥವಾ ಅದಕ್ಕೂ ಮೇಲೆ ಬಿದ್ದರೆ ಭರಮಣ್ಣ ಉಳಿದ. ರಟ್ಟಿನ ಹಿಂದೆ ಉರುಳಿಸಿದೆ.

ಹದಿನೇಳು ಬಿತ್ತು. ಓರೆಯಾಗಿ ಅಲ್ಲ, ಎರಡು ಮುಖದ ನಡುವೆ ಅಲ್ಲ — ಸರಿಯಾಗಿ, ಮೇಲ್ಮುಖವಾಗಿ, ಹದಿನೇಳು. ನಾನು ಅದರ ಮೇಲೆ ಅಂಗೈ ಮುಚ್ಚಿ "ನಾಲ್ಕು" ಅಂದೆ.

"ಅಪ್ಪನ್ನೇ ಕೇಳೋಣ" ಎಂದು ನೀನು ನಿನ್ನ ಫೋನಿಗೆ ಕೈ ಹಾಕಿದೆ. ಇರು, ನಾನು ಮಾಡುತ್ತೇನೆ ಎಂದು ಎದ್ದು ಅಡುಗೆಮನೆಗೆ ಹೋದೆ. ನಂಬರ್ ಒತ್ತಲಿಲ್ಲ. ಫೋನನ್ನು ಕಿವಿಗೆ ಹಿಡಿದು ಕೆಟಲ್ ನೋಡುತ್ತಾ ನಿಂತೆ, ಎರಡು ನಿಮಿಷವೋ ಮೂರು ನಿಮಿಷವೋ. ಅಲ್ಲಿಂದಲೂ ಹಿಂದಕ್ಕೆ ಬರಬಹುದಿತ್ತು. ವಾಪಸು ಬಂದು ಕೂತು ಹೇಳಿದೆ:

"ಡಾಕ್ಟರು ಇರಲಿ ಬಿಡು ಅಂದ್ರು ಕಣಮ್ಮ. ಅವರಿಗೂ ಸಾಕಾಗಿತ್ತಂತೆ. ನಿನಗೋಸ್ಕರ ಬರ್ತಿದ್ರಂತೆ, ಅಷ್ಟೆ."

ಈ ಮಾತಿನ ಒಂದು ಚೂರು ನಿಜ. ಅವರು ಬರುತ್ತಿದ್ದದ್ದು ನಿನಗೋಸ್ಕರವೇ. ಆ ಪ್ರೀತಿಯನ್ನೇ ಎತ್ತಿಕೊಂಡು, ಬೇಸರದ ಹಾಗೆ ಕಾಣುವಂತೆ ತಿರುಗಿಸಿಟ್ಟೆ. ಅಮ್ಮ ಹೊರಟುಹೋದ ಮನೆಯ ಹುಡುಗಿಗೆ ಈ ಮಾತು ಎಲ್ಲಿ ನಾಟುತ್ತದೆ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ನೀನು ಅಳಲಿಲ್ಲ, ಜಗಳ ಮಾಡಲಿಲ್ಲ. "ಗ್ರ್ಯಾಂಡ್" ಅಂದೆ. ಪೆನ್ಸಿಲ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಡೆಕ್ಲನ್ ನನ್ನನ್ನೇ ನೋಡುತ್ತಿದ್ದ.

ಮರುದಿನ ನಿನ್ನ ಅಪ್ಪನೇ ಫೋನ್ ಮಾಡಿದರು. ದನಿಯಲ್ಲಿ ಉತ್ಸಾಹ. "ಏನಾಯ್ತೋ ನಮ್ಮ ಭರಮಣ್ಣನ ಕಥೆ? ಗೆದ್ನಾ? ಇಂಚರಾನ ಕೇಳಿದ್ರೆ ರೂಮಿನ ಬಾಗಿಲು ಹಾಕ್ಕೊಂಡ್ಳು." ಇಂಚರಾ, ಆಗಲೂ ಸಮಯವಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ನಿಜ ಹೇಳಿದರೆ ನಾನು ದಾಳ ಮುಚ್ಚಿದ್ದು ಹೊರಬೀಳುತ್ತದೆ, ಫೋನ್ ಮಾಡದೆ ಮಾಡಿದೆ ಅಂದದ್ದು ಹೊರಬೀಳುತ್ತದೆ — ಮೂವತ್ನಾಲ್ಕು ವರ್ಷದ ಗಂಡಸು ಒಂದು ಆಟಕ್ಕಾಗಿ ಇಷ್ಟು ಮಾಡಿದ ಎಂದು ಅವರು ನನ್ನನ್ನು ನೋಡುವುದನ್ನು ನೆನೆಸಿಕೊಂಡೆ.

"ಡಾಕ್ಟರೇ, ತಪ್ಪು ತಿಳ್ಕೋಬೇಡಿ" ಅಂದೆ. "ಅವಳಿಗೆ ಅಪ್ಪನ ಜೊತೆ ಆಡೋಕೆ ಮುಜುಗರ ಅಂತೆ. ನಿಮ್ಮ ಹತ್ರ ಹೇಳಕ್ಕಾಗದೆ ನನ್ನ ಹತ್ರ ಹೇಳಿದ್ಲು."

ದನಿಯ ಉತ್ಸಾಹ ಇಳಿಯಿತು. ಆಮೇಲೆ — "ಹೌದು. ವಯಸ್ಸೇ ಅಂಥದ್ದು. ನಾನೇ ತಿಳ್ಕೋಬೇಕಿತ್ತು. ನೀನು ನಂಗೆ ಹೇಳ್ದೆ ಅಂತ ಅವಳಿಗೆ ಗೊತ್ತಾಗೋದು ಬೇಡ ಪ್ರಸನ್ನ. ಪಾಪ, ನೊಂದ್ಕೋತಾಳೆ."

ಹೀಗೆ ನನ್ನ ಸುಳ್ಳಿಗೆ ಅವರೇ ಬೀಗ ಹಾಕಿಕೊಟ್ಟರು. ನಿನಗೆ ನೋವಾಗಬಾರದೆಂದು ಅವರು ಕೇಳಲಿಲ್ಲ. ಅವರಿಗೆ ಬೇಸರ ಕೊಡಬಾರದೆಂದು ನೀನು ಕೇಳಲಿಲ್ಲ. ಎರಡು ಬೀದಿ, ಎರಡು ಮುಚ್ಚಿದ ಬಾಗಿಲು, ಎರಡು ಕಡೆಗೂ ಬೇರೆ ಬೇರೆ ಮಾತು ಹೇಳಿ ಬಂದ ಒಬ್ಬ ಮನುಷ್ಯ. ಎಂಟು ತಿಂಗಳು ಕ್ರೇನ್‌ನ ಪಾತ್ರ ಆಡಿದೆ ಎಂದುಕೊಂಡಿದ್ದೆ.

ಮುಂದಿನ ಶನಿವಾರ ನೀನೂ ಬರಲಿಲ್ಲ. ಡೆಕ್ಲನ್ ಗೇಟಿನ ತನಕ ಬಂದು, ಒಳಗೆ ಬಾರದೆ ನಿಂತ. ಮಂಡಿ ನೋವು, ಇನ್ನು ಕೂರಲು ಆಗುವುದಿಲ್ಲ ಅಂದ. ಹೊರಟವನು ತಿರುಗಿ, ತನ್ನ ಇಂಗ್ಲಿಷಿನಲ್ಲಿ, ಏನೋ ಬಚ್ಚಿಟ್ಟುಕೊಂಡವನ ಕೈ ಹೇಗಿರುತ್ತದೆ ಎಂದು ನೋಡುವುದೇ ನನ್ನ ಉದ್ಯೋಗವಾಗಿತ್ತು ಮಗನೇ, ಅಂದ. ನಾನು ಅರ್ಥವಾಗದವನಂತೆ ನಿಂತೆ. ಅವನು ಬೇರೆ ಯಾರಿಗೂ ಹೇಳಲಿಲ್ಲ. ನಾನೇ ಹೇಳಲಿ ಎಂದು ಬಿಟ್ಟಿದ್ದನೇನೋ — ಈಗಲೂ ಬೇಲಿಯ ಆಚೆಯಿಂದ ಹವಾಮಾನ ಮಾತ್ರ ಮಾತಾಡುತ್ತಾನೆ.

ಕಳೆದ ತಿಂಗಳು ಕೆಲಸದ ಮೇಲೆ ನಿನ್ನ ಕಾಲೇಜಿರುವ ಮೇನೂತ್‌ಗೆ ಬಂದಿದ್ದೆ. ಸ್ಟೇಷನ್ನಿನಲ್ಲಿ ನೀನೇ ನನ್ನ ಗುರುತು ಹಿಡಿದು ಬಂದು ಮಾತಾಡಿಸಿದೆ. ಓದು ಚೆನ್ನಾಗಿ ನಡೆದಿದೆ ಅಂದೆ. ಅಪ್ಪ ಕಾರ್ಕ್ ಕಡೆಯ ಆಸ್ಪತ್ರೆಗೆ ಹೋಗುತ್ತಿದ್ದಾರೆ, ಡನ್‌ಡಾಕ್‌ನ ಮನೆ ಖಾಲಿ ಮಾಡುತ್ತಿದ್ದಾರೆ ಅಂದೆ. ನಿನಗೆ ಮನೆಯಿಂದ ಏನಾದರೂ ಬೇಕಾ ಎಂದು ಅವರು ಮೆಸೇಜ್ ಹಾಕಿದ್ದರಂತೆ. ಏನೂ ಬೇಡ ಎಂದು ನೀನೂ ಮೆಸೇಜ್ ಹಾಕಿದೆಯಂತೆ. ನಾನು ಸುಮ್ಮನಿರಲಾರದೆ, ಈಗ ಮನೆಯಲ್ಲಿ ಕನ್ನಡ ಮಾತಾಡುತ್ತೀಯಾ ಎಂದು ಕೇಳಿದೆ.

ನೀನು ನಕ್ಕು ಅಂದೆ: "ಯಾರ ಜೊತೆ ಅಂಕಲ್?"

ರೈಲು ಬಂತು. ಆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳಲು ನನಗೆ ಬೇಕಾದಷ್ಟು ಸಮಯವಿತ್ತು — ಮುಂದಿನ ರೈಲು ಹಿಡಿಯಬಹುದಿತ್ತು. ಹಿಡಿಯಲಿಲ್ಲ. "ಬರ್ತೀನಮ್ಮ" ಅಂದು ಹತ್ತಿಕೊಂಡೆ. ನಾಲ್ಕು ವರ್ಷದ ಹಿಂದಿನದನ್ನು ಹೊಟ್ಟೆಕಿಚ್ಚು ಅನ್ನಬಹುದು. ಸ್ಟೇಷನ್ನಿನ ಆ ಮೌನಕ್ಕೆ ನನ್ನ ಹತ್ತಿರ ಹೆಸರೇ ಇಲ್ಲ.

ಇದನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆ. ಆರು ಸಾಲಿನಲ್ಲಿ ಮುಗಿಯಿತು, ಕೊನೆಯಲ್ಲಿ ಸಾರಿ ಎಂದು ಬಂತು. ಈ ದೇಶದಲ್ಲಿ ಆ ಪದಕ್ಕೆ ಇರುವುದು ಒಂದೇ ಉತ್ತರ, "ಆಹ್, ಯು ಆರ್ ಗ್ರ್ಯಾಂಡ್" — ಪರವಾಗಿಲ್ಲ ಬಿಡು. ನೀನು ಒಳ್ಳೆಯ ಹುಡುಗಿ, ಹಾಗೇ ಅನ್ನುತ್ತೀಯ, ನಾನು ಪಾರಾಗುತ್ತೇನೆ. ಹರಿದು ಹಾಕಿದೆ. ನಿನಗೆ ಕನ್ನಡ ಓದಲು ಬರುವುದಿಲ್ಲ ಎಂದು ತಿಳಿದೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಲಕೋಟೆಯ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ಒಂದು ಸಾಲಿದೆ: ಅಪ್ಪನ ಹತ್ತಿರ ಹೋಗು, ಇದನ್ನು ನಿನಗೆ ಗಟ್ಟಿಯಾಗಿ ಓದಿ ಹೇಳಲು ಹೇಳು.

ಡಾಕ್ಟರೇ, ಹಾಗಾಗಿ ಇಷ್ಟು ಹೊತ್ತು ಇದನ್ನು ಓದಿದವರು ನೀವು. ನಾನು ಮಾಡಿದ್ದನ್ನು ನಿಮ್ಮ ಬಾಯಿಂದ ಹೇಳಿಸಿದ್ದೇನೆ, ಇದೂ ನ್ಯಾಯವಲ್ಲ. ನನ್ನನ್ನು ಏನು ಮಾಡಬೇಕೆಂದು ಆಮೇಲೆ ಯೋಚಿಸಿ, ಅಥವಾ ಯೋಚಿಸಲೇ ಬೇಡಿ. ಅವಳು ನಿಮ್ಮ ಎದುರಿಗೇ ಕೂತಿದ್ದಾಳೆ. ನನ್ನ ಬರಹದ ಕನ್ನಡ ಅವಳಿಗೆ ಅಲ್ಲಲ್ಲಿ ಅರ್ಥವಾಗಿರುವುದಿಲ್ಲ. ಏನೆಂದು ಕೇಳುತ್ತಾಳೆ. ಈ ಹಾಳೆ ಕೆಳಗಿಟ್ಟು, ನಿಮ್ಮ ಕನ್ನಡದಲ್ಲಿ ಅವಳಿಗೆ ಹೇಳಿ.